ಸಾಹೇಬರಿಗೆ ಹೇಳಬೇಕಿದ್ದ ಮಾತು

ಒದ್ದೆ ಗೋಣಿಚೀಲದ ವಾಸನೆ ಎಲ್ಲಿಯಾದರೂ ಮೂಗಿಗೆ ಬಡಿದರೆ ನನಗೆ ಈಗಲೂ ರಾಯಚೂರಿನ ಬಸ್ ನಿಲ್ದಾಣದ ಹೊರಗಿದ್ದ ನಮ್ಮ ಅರವಟ್ಟಿಗೆ ಕಣ್ಣಮುಂದೆ ಬರುತ್ತದೆ. ಬಿದಿರಿನ ಗಳಗಳು, ಮೇಲೆ ಈಚಲ ಚಾಪೆ, ಕೆಳಗೆ ಮರಳು ಹಾಸಿ ಸಾಲಾಗಿ ಕೂರಿಸಿದ ಮಣ್ಣಿನ ಗಡಿಗೆಗಳು. ಗಡಿಗೆಗಳಿಗೆ ಸುತ್ತಿದ ಗೋಣಿಚೀಲಕ್ಕೆ ಆಗಾಗ ನೀರು ಚಿಮುಕಿಸುತ್ತಿದ್ದೆವು. ಶಿವರಾತ್ರಿ ಕಳೆದ ಮೇಲೆ ಹಾಕಿದರೆ ಮೊದಲ ಮಳೆ ಬಿದ್ದು ನೆಲ ತಣಿಯುವವರೆಗೂ ತೆಗೆಯುತ್ತಿರಲಿಲ್ಲ. ಮಾನ್ವಿ, ದೇವದುರ್ಗ, ಯಾಪಲದಿನ್ನಿ ಕಡೆಯ ಬಸ್ಸುಗಳಿಂದ ಇಳಿದವರು ನೆರಳು ಕಂಡು ಮೊದಲು ಇಲ್ಲಿಗೇ ಬರುತ್ತಿದ್ದರು.

ಅದನ್ನು ನಡೆಸುತ್ತಿದ್ದವರು ದೊಡ್ಡ ಮಂದಿಯೇನಲ್ಲ. ನಾನು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತಿದ್ದೆ. ದೇವದುರ್ಗದ ಕಡೆಯಿಂದ ಬಂದ ಒಬ್ಬ ತರುಣ ಕಾಲೇಜಿನಲ್ಲಿ ಉಪನ್ಯಾಸಕನಾಗಿದ್ದ. ಮಾರ್ಕೆಟ್ಟಿನಲ್ಲಿ ಪಾತ್ರೆ, ಗಡಿಗೆ ಮಾರುತ್ತಿದ್ದ ಒಬ್ಬ ಹಿರಿಯರಿದ್ದರು. ಮನೆಯಲ್ಲಿ ದಖನಿ ಆಡುವವರು, ನಮಗೆಲ್ಲ ಚಾಚಾ. ಗಡಿಗೆಗಳೆಲ್ಲ ಅವರ ಅಂಗಡಿಯವೇ. ಇವರ ಜೊತೆಗೆ ರಜೆ ಇದ್ದಾಗ ಬಂದು ಕೈಜೋಡಿಸುತ್ತಿದ್ದ ಕೆಲವು ಗೆಳೆಯರು. ಮತ್ತೆ ನಮ್ಮವ್ವ.

ಅವ್ವ ತನ್ನ ಹರೆಯವನ್ನೆಲ್ಲ ಮಲ್ಲಟದ ಗದ್ದೆಗಳಲ್ಲಿ ನಾಟಿ ಮಾಡುತ್ತ, ಕಳೆ ಕೀಳುತ್ತ ಕಳೆದವಳು. ನನಗೆ ನೌಕರಿ ಸಿಕ್ಕ ಮೇಲೆ ನನ್ನ ಜೊತೆ ರಾಯಚೂರಿಗೆ ಬಂದಳು. ಅರವಟ್ಟಿಗೆಯಲ್ಲಿ ನೀರು ಕೊಡುವ ಕೆಲಸವನ್ನು ಅವಳು ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ನಾವು ಅವಸರಕ್ಕೆ ಬೊಗಸೆ ಒಡ್ಡಿದವರಿಗೆ ಮೇಲಿಂದ ಸುರಿಯಲು ಹೋದರೆ ತಡೆಯುತ್ತಿದ್ದಳು. "ಲೋಟ ಕೈಯಾಗ ಕೊಡ್ರಿ. ಮ್ಯಾಲಿಂದ ಹನಿಸ್ಕೊಂಡು ಕುಡದಾಕಿಗೆ ಗೊತ್ತದ ಅದು ಹೆಂಗಿರ್ತದ ಅಂತ" ಎನ್ನುತ್ತಿದ್ದಳು. ಅದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಅಷ್ಟು ಗಡಿಗೆಗಳಿಗೆ ನೀರು ಬರುತ್ತಿದ್ದುದು ಒಂದು ಟ್ಯಾಂಕರಿನಿಂದ. ಅದನ್ನು ಕಳಿಸುತ್ತಿದ್ದವರು ನಮ್ಮ ಭಾಗದ ಪ್ರಭಾವಿ ರಾಜಕಾರಣಿ. ಹೆಸರು ಬೇಡ; ಎಲ್ಲರೂ ಸಾಹೇಬರು ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಕಲ್ಲು ಒಡೆಯುವವರ ಮನೆಯಲ್ಲಿ ಹುಟ್ಟಿ, ಹೆಚ್ಚು ಓದದೆ, ಜನರ ನಡುವೆ ಓಡಾಡಿಯೇ ಮೇಲೆ ಬಂದವರು. ಒಮ್ಮೆ ಬಸ್ಸಿಗೆ ಕಾಯುತ್ತಿದ್ದ ಜನರನ್ನು ನೋಡಿ ಕಾರು ನಿಲ್ಲಿಸಿ, ನಮ್ಮ ಗಡಿಗೆಯ ನೀರು ಕುಡಿದು, "ನಾಳಿಂದ ನೀರಿನ ಚಿಂತಿ ನಿಮಗ ಬ್ಯಾಡ" ಎಂದು ಹೋದರು. ಮರುದಿನವೇ ಟ್ಯಾಂಕರ್ ಬಂತು. ಅದರ ಮೈಮೇಲೆ ಅವರ ದೊಡ್ಡ ಫೋಟೋ ಇತ್ತು ನಿಜ. ಆದರೆ ನೀರೂ ಇತ್ತು. ಪ್ರತಿ ಬೇಸಿಗೆಗೂ ಯಾರೂ ನೆನಪಿಸದೆ ಬರುತ್ತಿತ್ತು.

ಹೀಗಿರುವಾಗ ಒಂದು ಭಾನುವಾರ ಉಪನ್ಯಾಸಕ ನಮ್ಮನ್ನು ದೇವದುರ್ಗದ ಕಡೆಯ ಒಂದು ಸಣ್ಣ ಊರಿಗೆ ಕರೆದುಕೊಂಡು ಹೋದ. ಅವನ ಸೋದರಮಾವನ ಊರು. ಅಲ್ಲಿ ಶಾಲೆಯ ಪಕ್ಕ ಶುದ್ಧ ಕುಡಿಯುವ ನೀರಿನ ಘಟಕ ಇತ್ತು. ನೀಲಿ ಬಣ್ಣ ಬಳಿದ ಪುಟ್ಟ ಕೋಣೆ, ಗೋಡೆಯ ಮೇಲೆ ಉದ್ಘಾಟಿಸಿದವರೆಂದು ಸಾಹೇಬರ ಹೆಸರು, ಬಾಗಿಲಿಗೆ ಬೀಗ. ಉದ್ಘಾಟನೆಯ ದಿನ ಸಾಹೇಬರು ಲೋಟ ಎತ್ತಿ ಕುಡಿದು ಹೋದ ಮೇಲೆ ಗುತ್ತಿಗೆದಾರ ಬೀಗ ಹಾಕಿದ್ದನಂತೆ. ಮೋಟಾರು ಸುಟ್ಟಿದೆ ಎಂದರು ಕೆಲವರು, ಕರೆಂಟಿನ ಸಂಪರ್ಕವನ್ನೇ ಕೊಟ್ಟಿಲ್ಲ ಎಂದರು ಇನ್ನು ಕೆಲವರು. ಹೆಂಗಸರು ಎಂದಿನಂತೆ ಹೊಲದ ಬಾವಿಗೆ ನಡೆದು ಹೋಗುತ್ತಿದ್ದರು. ಆ ನೀರಿಗೆ ಉಪ್ಪಿನ ರುಚಿ. ಬೇಳೆ ಬೇಯುವುದಿಲ್ಲ ಎಂದು ಒಬ್ಬಾಕೆ ನನಗೆ ಬಾವಿಯಿಂದ ಆಗಷ್ಟೇ ತಂದ ನೀರು ಕೊಟ್ಟು ಕುಡಿದು ನೋಡಲು ಹೇಳಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ಉಪನ್ಯಾಸಕ ದಾರಿಯುದ್ದಕ್ಕೂ ಫೋನಿನಲ್ಲಿ ಏನನ್ನೋ ಹುಡುಕುತ್ತಿದ್ದ.

ಆ ವಾರದಲ್ಲೇ ಅವನ ವಿಡಿಯೋ ಬಂತು. ಉದ್ಘಾಟನೆಯ ದಿನದ ಭಾಷಣವನ್ನು ಎಲ್ಲಿಂದಲೋ ಹುಡುಕಿ ತೆಗೆದಿದ್ದ. ಯಂತ್ರದ ಇಂಗ್ಲಿಷ್ ಹೆಸರನ್ನು ಹೇಳಲು ಹೋಗಿ ಸಾಹೇಬರು ಮೂರು ಕಡೆ ಎಡವುತ್ತಾರೆ. 'ಶುದ್ಧ ನೀರು' ಎನ್ನುವುದು ಅವರ ಬಾಯಲ್ಲಿ 'ಸುದ್ದ ನೀರು' ಆಗುತ್ತದೆ. ಆ ತುಣುಕನ್ನು ಮತ್ತೆ ಮತ್ತೆ ಬರುವಂತೆ ಜೋಡಿಸಿ, ನಡುನಡುವೆ ಕಪ್ಪೆ ವಟಗುಟ್ಟುವ ಸದ್ದು ಸೇರಿಸಿದ್ದ. ರಾಯಚೂರು, ಮಾನ್ವಿ, ದೇವದುರ್ಗ ಎಲ್ಲ ಕಡೆ ಫೋನಿನಿಂದ ಫೋನಿಗೆ ಹಾರಿತು. ಚಹಾದಂಗಡಿಗಳಲ್ಲಿ ಜನ ಬಿದ್ದು ಬಿದ್ದು ನಗುತ್ತಿದ್ದರು.

ಸಂಜೆ ಚಾಚಾ ಅವರ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾವು ಸೇರುವುದು ರೂಢಿ. ಸ್ಟೀಲಿನ ಕೊಡಗಳ ನಡುವೆ ಜಾಗ ಮಾಡಿಕೊಂಡು ಕೂರುತ್ತಿದ್ದೆವು. ಯಾರಾದರೂ ಜೋರಾಗಿ ಮಾತಾಡಿದರೆ ಸುತ್ತಲ ಕೊಡಗಳು ಸಣ್ಣಗೆ ಗುಂಯ್‌ಗುಡುತ್ತಿದ್ದವು. ಆ ದಿನ ಒಬ್ಬರು ವಿಡಿಯೋ ಹಚ್ಚಿದರು. ಎಲ್ಲರೂ ನಕ್ಕರು. ಮೂಲೆಯಲ್ಲಿ ಕೂತಿದ್ದ ಅವ್ವ ಫೋನನ್ನು ಈಸಿಕೊಂಡು ಕಣ್ಣಿನ ಹತ್ತಿರ ಹಿಡಿದು ಕೊನೆಯವರೆಗೂ ನೋಡಿದಳು.

"ಯಾಕ ನಗಾಕತ್ತೀರಿ?" ಎಂದಳು.

"ಅಂವ ಸುದ್ದ ನೀರು ಅಂತಾನಲ್ಲವ್ವಾ" ಎಂದ ಉಪನ್ಯಾಸಕ.

"ನಾನೂ ಸುದ್ದ ಅಂತನೇ ಅಂತೀನಿ" ಎಂದಳು ಅವ್ವ. "ಅದು ಹೋಗ್ಲಿ. ಬೀಗ ಹಾಕ್ಯಾರ ಅಂದ್ರಲ್ಲ, ಇದ್ರಾಗ ಬೀಗ ಎಲ್ಲೂ ಕಾಣಂಗಿಲ್ಲಲ?"

ಉಪನ್ಯಾಸಕ ಸೋಲುವವನಲ್ಲ. "ಯವ್ವಾ, ಬರೇ ಬೀಗ ತೋರ್ಸಿದ್ರ ಯಾರು ನೋಡ್ತಾರ? ನಗಿಸಿದ್ರನ ಜನ ನೋಡೋದು. ಅಂವಗ ನಾಚ್ಕಿ ಆಗಬೇಕಂದ್ರ ಹಿಂಗ ಮಾಡಬೇಕು" ಎಂದ.

ಚಾಚಾ ತಲೆ ಅಲ್ಲಾಡಿಸಿದರು. "ನಕ್ಕೋ ಬೇಟಾ, ಬ್ಯಾಡ. ಅವ್ರ ಟ್ಯಾಂಕರ್ ನೀರು ಕುಡೀತೀವಿ ನಾವು. ನಾಳಿ ಟ್ಯಾಂಕರ್ ನಿಂತ್ರ ಬಿಸಲಾಗ ಬಂದ ಮಂದಿಗೆ ಏನು ಕೊಡೋಣು? ನೀರು ಕೊಡೋದು ನಮ್ಮ ಕೆಲಸ. ರಾಜಕಾರಣ ಯಾಕ ನಮಗ?"

"ಇಲ್ಲಿ ಬಂದವ್ರಿಗೆ ಅಷ್ಟ ನೀರಡಿಕಿ ಆಗ್ತದ ಏನ್ರಿ ಚಾಚಾ? ಆ ಊರಾಗ ಆಗಂಗಿಲ್ಲೇನು?" ಎಂದು ಉಪನ್ಯಾಸಕ ಎದ್ದು ನಿಂತ. ಕೊಡಗಳು ಗುಂಯ್‌ಗುಟ್ಟಿದವು.

ಇಬ್ಬರ ಮಾತಿನಲ್ಲೂ ಸತ್ಯ ಇತ್ತು. ಅದೇ ಕಷ್ಟವಾಗಿತ್ತು. ದಾನದ ಕೆಲಸ ಮಾಡುವವರಿಗೆ ಕೊಡುವವರ ಕೈ ಕಾಣುತ್ತದೆ, ಆ ಕೈಯ ತಪ್ಪು ಕಂಡರೂ ಬಾಯಿ ಕಟ್ಟುತ್ತದೆ. ಬಾಯಿ ಬಿಟ್ಟರೆ ಒಮ್ಮೆಲೇ ಬೈಗುಳವೇ ಬರುತ್ತದೆ. ಈ ಎರಡರ ನಡುವೆ ಇನ್ನೊಂದು ದಾರಿ ಇದ್ದೀತೇ ಎಂದು ಆ ವಾರವೆಲ್ಲ ಯೋಚಿಸಿದೆ. ಕರಿಹಲಗೆಯ ಮುಂದೆ ನಿಂತಾಗಲೂ ಅದೇ ಯೋಚನೆ.

ಅಷ್ಟರಲ್ಲಿ ಸಾಹೇಬರ ಕಡೆಯವರೊಬ್ಬರು ಅರವಟ್ಟಿಗೆಗೆ ಬಂದರು. ಸಾಹೇಬರ ಹುಟ್ಟುಹಬ್ಬಕ್ಕೆ ದೇವದುರ್ಗದಲ್ಲಿ ದೊಡ್ಡ ಸಮಾರಂಭ, ಅಲ್ಲಿ ನಮ್ಮ ಬಳಗಕ್ಕೆ ಶಾಲು ಹೊದಿಸಿ ಸನ್ಮಾನ ಮಾಡುತ್ತಾರೆ ಎಂದರು. "ನೀವು ನಾಕು ಮಾತು ಆಡಬೇಕ್ರಿ ಟೀಚರ್, ಸಾಹೇಬ್ರ ಬಗ್ಗೆ" ಎಂದು ನನಗೆ ಹೇಳಿ ಹೋದರು. ವಿಡಿಯೋ ನಮ್ಮವನದೇ ಎಂದು ಅವರಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಶಾಲಿನಿಂದ ಬಾಯಿ ಮುಚ್ಚಿಸುವ ಉಪಾಯವೋ, ನಮಗೆ ತಿಳಿಯಲಿಲ್ಲ.

ಉಪನ್ಯಾಸಕ ಹುರುಪಿನಿಂದ, "ಹೋಗೋಣ. ವೇದಿಕಿ ಮ್ಯಾಲೆ ಎಲ್ಲಾರ ಮುಂದ ಮರ್ಯಾದಿ ತೆಗಿಯೋಣ" ಎಂದ. ಚಾಚಾ, "ಶಾಲು ತಗೊಂಡು ಸುಮ್ನ ಬರೋಣ" ಎಂದರು. ಕೊನೆಗೆ ನಾನು ನನಗೆ ಹೊಳೆದದ್ದನ್ನು ಹೇಳಿದೆ. ಸಮಾರಂಭಕ್ಕಿಂತ ಮೊದಲು ಅವರ ಮನೆಗೇ ಹೋಗೋಣ. ಕೊಟ್ಟ ನೀರಿಗೆ ಕೃತಜ್ಞತೆ ಹೇಳೋಣ, ಬೀಗದ ಮಾತನ್ನೂ ಹೇಳೋಣ. ಕೇಳಿದರೆ ಸರಿ. ಕೇಳದಿದ್ದರೆ ಆಮೇಲೆ ಊರ ಮುಂದೆ ಹೇಳೋಣ. ಆದರೆ ನಾವು ಕಣ್ಣಾರೆ ಕಂಡದ್ದನ್ನಷ್ಟೇ ಹೇಳೋಣ.

ಚಾಚಾ, "ಹಂಗಂದ್ರ ನಾನೂ ಬರ್ತೀನಿ" ಎಂದರು. ಅವರು ಬರುತ್ತಾರೆಂದು ನಾನು ಅಂದುಕೊಂಡಿರಲಿಲ್ಲ.

ದೇವದುರ್ಗದ ಆ ಮನೆಯ ಅಂಗಳದಲ್ಲಿ ಬೆಳಿಗ್ಗೆಯೇ ಜನ ತುಂಬಿದ್ದರು. ಆಸ್ಪತ್ರೆಗೆ ಫೋನು ಮಾಡಿಸಿಕೊಳ್ಳಲು ಬಂದವರು, ವರ್ಗಾವಣೆಗೆ ಬಂದವರು, ಮದುವೆಗೆ ಕರೆಯಲು ಬಂದವರು. ಉಪನ್ಯಾಸಕ, ಚಾಚಾ, ನಾನು ಮೂವರೂ ಬೇವಿನ ಮರದ ಕೆಳಗೆ ಕಾದೆವು. ಕೊನೆಗೆ ಒಳಗಿನಿಂದ ಕರೆ ಬಂತು. ಸಾಹೇಬರೆದುರು ಮಾತಾಡುವುದೆಂದರೆ ನನ್ನಂಥ ನೌಕರಿಯವರಿಗೆ ಸಣ್ಣ ಸಂಗತಿಯಲ್ಲ.

"ಬರ್ರಿ ಟೀಚರಮ್ಮಾರ, ಚಾಚಾ ಬರ್ರಿ, ಕುಂದ್ರಿ" ಎಂದು ಸಾಹೇಬರು ಎದ್ದು ಕೈಮುಗಿದರು. ಎತ್ತರದ ಆಳು. ಹತ್ತಿರದಿಂದ ಕಂಡಾಗ ಫೋಟೋಗಳಲ್ಲಿ ಕಾಣುವುದಕ್ಕಿಂತ ದಣಿದಂತೆ ಕಂಡರು.

ನಾನು ಶುರು ಮಾಡಿದೆ. "ಸಾಹೇಬ್ರ, ಇಷ್ಟು ವರ್ಷ ನೀವು ಕೊಟ್ಟ ನೀರು ಬಿಸಲಾಗ ಬಂದ ಮಂದಿ ಕುಡದಾರ. ಅದನ್ನ ನಾವು ಮರಿಯಂಗಿಲ್ಲ. ಅದಕ್ಕ ಈ ಮಾತು ಮೊದ್ಲು ನಿಮಗ ಹೇಳಾಕ ಬಂದೀವಿ." ಆಮೇಲೆ ಆ ಊರಿನ ಹೆಸರು ಹೇಳಿದೆ, ಬೀಗದ ಬಗ್ಗೆ ಹೇಳಿದೆ, ಹೆಂಗಸರು ನಡೆಯುವ ದಾರಿಯ ಬಗ್ಗೆ ಹೇಳಿದೆ. ಬೇಳೆ ಬೇಯದ ನೀರನ್ನು ನಾನೇ ಕುಡಿದು ನೋಡಿದೆ ಎಂದೆ.

ಸಾಹೇಬರ ಮುಖದ ನಗು ನಿಧಾನವಾಗಿ ಇಳಿಯಿತು. "ಗುತ್ತೇದಾರಗ ಹೇಳ್ತೀನಿ ಬಿಡ್ರಿ. ಅದಕ್ಕ ಇಷ್ಟು ಮಂದಿ ಬರಬೇಕೇನು? ಸನ್ಮಾನಕ್ಕ ಬರ್ರಿ, ಅಲ್ಲೇ ಮಾತಾಡೋಣು."

"ಆ ಊರಾಗ ನಲ್ಲಿ ಬಿಟ್ಟ ದಿನ ಅಲ್ಲೇ ಬಂದು ಶಾಲು ಹಾಕಿಸ್ಕೊಂತೀವ್ರಿ" ಎಂದೆ. "ಅಲ್ಲಿವರೆಗೂ ಬ್ಯಾಡ."

ಬಾಗಿಲಲ್ಲಿ ನಿಂತಿದ್ದವರಲ್ಲಿ ಒಬ್ಬ, "ಏ ಟೀಚರ್, ಯಾರ ಮುಂದ ಮಾತಾಡಾಕತ್ತಿ ಗೊತ್ತದ ಏನು?" ಎಂದು ಮುಂದೆ ಬಂದ. ಸಾಹೇಬರು ಕೈ ಎತ್ತಿ ಅವನನ್ನು ತಡೆದರು. ನಂತರ ನೇರವಾಗಿ ಉಪನ್ಯಾಸಕನನ್ನು ನೋಡಿ ಕೇಳಿದರು.

"ಆ ಕಪ್ಪಿ ವಿಡಿಯೋ ಮಾಡಿದಂವ ನೀನ ಅಲ್ಲೇನಪಾ?"

ಅವನು ಸುಳ್ಳು ಹೇಳಲಿಲ್ಲ. "ಹೌದ್ರಿ."

"ನನಗ ಮಂದಿ ನಕ್ರ ನಡೀತದ. ರಾಜಕಾರಣದಾಗ ಇದ್ದೀನಿ, ರೂಢಿ ಆಗೇದ. ಆದ್ರ ನಮ್ಮವ್ವ ನೋಡಿದ್ಳು ಅದನ್ನ. ನನ್ನ ಮಾತು ಆಕಿ ಕಲಿಸಿದ್ದಪಾ. 'ನಾನು ಕಲಿಸಿದ್ದಕ್ಕ ಮಂದಿ ನಗಾಕತ್ತಾರ' ಅಂತ ಅತ್ಳು."

ಉಪನ್ಯಾಸಕನ ಮುಖ ಕೆಂಪಾಯಿತು. ಅವನ ತಾಯಿಯೂ ಹಾಗೇ ಮಾತಾಡುತ್ತಾಳೆ, ನನಗೆ ಗೊತ್ತು. ಅವನು ಎದ್ದು ನಿಂತು ಕೈಮುಗಿದ. "ತಪ್ಪಾಗೇದ್ರಿ. ನಿಮ್ಮ ಮಾತಿಗೆ ನಗಬಾರ್ದಾಗಿತ್ತು. ವಿಡಿಯೋ ಇವತ್ತ ತೆಗೀತೀನಿ, ತಪ್ಪಾತು ಅಂತನೂ ಬರೀತೀನಿ." ಒಂದು ಉಸಿರು ಬಿಟ್ಟು ಮುಂದುವರಿಸಿದ. "ಆದ್ರ ಬೀಗದ ಮಾತು ವಾಪಸ್ ತಗೊಳ್ಳಂಗಿಲ್ಲ್ರಿ ಸಾಹೇಬ್ರ. ಅದು ಖರೇ ಅದ."

ಸಾಹೇಬರು ಎದ್ದು ಒಳಗೆ ಹೋಗುವಾಗ ನನ್ನ ಕಡೆ ತಿರುಗಿ, "ನೌಕರಿ ಮಾಡೋರು ನೀವು, ನೋಡ್ಕೊಂಡು ಇರ್ರಿ" ಎಂದರು. ಅದು ಬೆದರಿಕೆಯೋ, ಕಾಳಜಿಯೋ ಎಂದು ಚಾಚಾ ಮತ್ತು ನಾನು ಬಸ್ಸಿನಲ್ಲಿ ರಾಯಚೂರು ಮುಟ್ಟುವವರೆಗೂ ಚರ್ಚೆ ಮಾಡಿದೆವು.

ಉಪನ್ಯಾಸಕ ಮಾತು ಉಳಿಸಿಕೊಂಡ. ಹೆದರಿ ತೆಗೆದ ಎಂದು ಗೆಳೆಯರು ಅವನನ್ನು ಆಡಿಕೊಂಡರು. ಸನ್ಮಾನಕ್ಕೆ ನಾವು ಹೋಗಲಿಲ್ಲ. ಟ್ಯಾಂಕರ್ ಬರುವುದು ನಿಂತಿತು. ಬಸ್ ನಿಲ್ದಾಣದ ಹೊರಗಿನ ಜಾಗವನ್ನೂ ತೆರವು ಮಾಡಲು ಯಾರೋ ಬಂದು ಹೇಳಿದರು; ಯಾರು ಹೇಳಿಸಿದರು ಎಂದು ನಮಗೆ ಖಚಿತವಾಗಿ ತಿಳಿಯಲೇ ಇಲ್ಲ. ತಿಳಿಯದ್ದನ್ನು ಅವರ ತಲೆಗೆ ಕಟ್ಟುವುದು ಬೇಡ ಎಂದು ನಮ್ಮೊಳಗೇ ಮಾತಾಡಿಕೊಂಡೆವು. ನನ್ನ ವರ್ಗಾವಣೆಯ ಸುದ್ದಿಯೂ ಶಾಲೆಯಲ್ಲಿ ಓಡಾಡಿತು. ಅದು ಬರಲಿಲ್ಲ, ಆದರೆ ಅಂಚೆಯವನು ಶಾಲೆಯ ಗೇಟು ದಾಟಿದಾಗೆಲ್ಲ ನಾನು ಪಾಠ ನಿಲ್ಲಿಸಿ ಕಿಟಕಿಯ ಹತ್ತಿರ ಹೋಗುತ್ತಿದ್ದೆ.

ಟ್ಯಾಂಕರಿಗೆ ಹೆದರುತ್ತಿದ್ದ ಚಾಚಾ ಅವರೇ ತಮ್ಮ ಅಂಗಡಿಯ ಮುಂದೆ ಜಾಗ ಮಾಡಿದರು. ಮಾರುವ ಸಾಮಾನನ್ನು ಒಳಗೆ ಒತ್ತರಿಸಿ ಗಡಿಗೆಗಳನ್ನು ಹೊರಗೆ ಕೂರಿಸಿದರು. ಅಕ್ಕಪಕ್ಕದ ಅಂಗಡಿಯವರು, ಹಿಂದಿನ ಗಲ್ಲಿಯ ಮನೆಯವರು ತಮ್ಮ ತಮ್ಮ ನಲ್ಲಿಯಿಂದ ಕೊಡ ತುಂಬಿ ತಂದು ಸುರಿದರು. ಗಡಿಗೆಗಳು ಮೊದಲಿಗಿಂತ ಕಡಿಮೆಯಾದವು. ಅವ್ವ ಲೋಟ ಹಿಡಿದು ಅಲ್ಲಿಯೂ ಕೂತಳು. ಸಂತೆಗೆ ಬಂದ ಹೆಂಗಸರು ಅವಳ ಪಕ್ಕ ಕೂತು ಊರ ಸುದ್ದಿ ಹೇಳುತ್ತಿದ್ದರು. ನನಗೆ ಈಗ ಬಸ್ ನಿಲ್ದಾಣದ ದೊಡ್ಡ ಅರವಟ್ಟಿಗೆಗಿಂತ ಆ ಅಂಗಡಿಯ ಮುಂದಿನ ಸಣ್ಣ ನೆರಳೇ ಹೆಚ್ಚು ಪ್ರೀತಿಯಿಂದ ನೆನಪಾಗುತ್ತದೆ.

ಬೀಗ ಮಾತ್ರ ತೆರೆಯಲಿಲ್ಲ. ಕಾಯುವಷ್ಟು ಕಾದು ನಾವು ಮತ್ತೆ ಆ ಊರಿಗೆ ಹೋದೆವು. ಈ ಸಲ ಅವ್ವನೂ ಬಂದಳು. ಊರ ಹೆಂಗಸರು ಖಾಲಿ ಕೊಡ ಹಿಡಿದು ಘಟಕದ ಮುಂದೆ ಕೂತರು. ಸ್ಥಳೀಯ ಪತ್ರಿಕೆಯವರು ಇಬ್ಬರು ಬಂದಿದ್ದರು. ಉಪನ್ಯಾಸಕ ಇನ್ನೊಂದು ವಿಡಿಯೋ ಮಾಡಿದ. ಬೀಗ, ಅದರ ತುಕ್ಕು, ಬಾವಿಯ ದಾರಿ, ಹೆಂಗಸರ ಮಾತು. ಸಾಹೇಬರ ಹೆಸರನ್ನು ಗೌರವದಿಂದಲೇ ಹೇಳಿ, ಹಿಂದೆ ಅವರು ನಮಗೆ ನೀರು ಕೊಟ್ಟದ್ದನ್ನೂ ಹೇಳಿ, ಇದು ಅವರು ಉದ್ಘಾಟಿಸಿದ ಘಟಕ, ಇದಕ್ಕೆ ಅವರೇ ಉತ್ತರ ಕೊಡಬೇಕು ಎಂದಿದ್ದ. ಒಬ್ಬ ಮುದುಕಿ ಕಿಟಕಿಯಿಂದ ಇಣುಕಿ, "ಹೊರಗಿನ ಬೀಗ ತುಕ್ಕು ಹಿಡದದ, ಒಳಗಿನ ನಲ್ಲಿ ಇನ್ನಾ ಹೊಸಾದದ ನೋಡ್ರಿ" ಎಂದದ್ದು ಹಾಗೇ ಬಂದಿತ್ತು.

ಕಪ್ಪೆಯ ವಿಡಿಯೋ ನೋಡಿದವರಲ್ಲಿ ಬಹಳ ಮಂದಿ ಇದನ್ನು ನೋಡಲೇ ಇಲ್ಲ. ಉಪನ್ಯಾಸಕ ಹೇಳಿದ್ದು ಆ ಮಟ್ಟಿಗೆ ನಿಜವಾಯಿತು. ಆದರೆ ಪತ್ರಿಕೆಯಲ್ಲಿ ಚಿತ್ರ ಬಂತು, ಅಧಿಕಾರಿಗಳು ಊರಿಗೆ ಬಂದರು, ನಾವೂ ಕಚೇರಿಗೆ ಹತ್ತಿ ಇಳಿದೆವು. ಮಳೆಗಾಲ ಮುಗಿಯುವ ಹೊತ್ತಿಗೆ ಬೀಗ ತೆರೆಯಿತು. ಯಾವ ಸಮಾರಂಭವೂ ಆಗಲಿಲ್ಲ. ಶಾಲು ಹಿಡಿದು ಯಾರೂ ಬರಲಿಲ್ಲ. ಆ ಊರಿನ ಒಬ್ಬಾಕೆ ಮಾರ್ಕೆಟ್ಟಿಗೆ ಬಂದಾಗ ಅವ್ವನ ಹತ್ತಿರ ಕೂತು, "ಈಗ ಬ್ಯಾಳಿ ಬೇಯ್ತದ ಯವ್ವಾ" ಎಂದು ಹೇಳಿದಳು. ಅವ್ವ ಆ ಮಾತನ್ನು ಬಂದವರಿಗೆಲ್ಲ ಹೇಳಿ ಹೇಳಿ ಸಂತೋಷಪಟ್ಟಳು.

ಮುಂದಿನ ಚುನಾವಣೆಯಲ್ಲಿ ಸಾಹೇಬರು ಸೋತರು. ಗೆದ್ದವರ ಮೆರವಣಿಗೆ ಮಾರ್ಕೆಟ್ಟಿನ ರಸ್ತೆಯಲ್ಲಿ ಬಂತು. ಧ್ವನಿವರ್ಧಕದಲ್ಲಿ ಯಾರೋ ಸಾಹೇಬರ ಮಾತಿನ ಧಾಟಿಯನ್ನು ಅಣಕಿಸುತ್ತಿದ್ದರು. 'ಸುದ್ದ ನೀರು, ಸುದ್ದ ನೀರು' ಎಂದು ಕುಣಿಯುತ್ತಿದ್ದರು. ಅಂಗಡಿಯ ಮುಂದೆ ನಿಂತಿದ್ದ ಉಪನ್ಯಾಸಕ ಒಳಗೆ ಹೋಗಿ ಕೊಡಗಳ ನಡುವೆ ಕೂತುಬಿಟ್ಟ. ಅವನು ಹುಟ್ಟುಹಾಕಿದ ನಗು ಅವನು ಅಳಿಸಿದರೂ ಅಳಿದಿರಲಿಲ್ಲ.

ಹೊಸದಾಗಿ ಗೆದ್ದವರ ಕಡೆಯವರು ಬಂದು, "ನೀವು ನಮ್ಮವ್ರು. ನಿಮ್ಮಿಂದನ ಅರ್ಧ ಗೆದ್ದೀವಿ" ಎಂದರು. ಚಾಚಾ ಬಂದವರಿಗೂ ಲೋಟ ನೀರು ಕೊಟ್ಟು ಕಳಿಸಿದರು. ಮರುವರ್ಷ ಬಾಗಲವಾಡದಿಂದ ಸಂತೆಗೆ ಬಂದವರು ತಮ್ಮ ಕಡೆಯ ಒಂದು ಹಳ್ಳಿಯ ರಸ್ತೆ ಒಂದೇ ಮಳೆಗೆ ಕಿತ್ತುಹೋದ ಸುದ್ದಿ ತಂದರು. ನಾವು ಹೋಗಿ ನೋಡಿದೆವು, ಮತ್ತೆ ಹೊಸಬರ ಮನೆಗೂ ಹೋದೆವು. ಅದೇ ರೀತಿ ಕಾದೆವು, ಅದೇ ರೀತಿ ಹೇಳಿದೆವು. "ನೀವು ಹಳೇ ಸಾಹೇಬ್ರ ಕಡ್ಯೋರು ಅಂತ ನಮಗ ಮೊದ್ಲೇ ಗೊತ್ತಿತ್ತು" ಎಂದು ಅವರು ಮುಖ ತಿರುಗಿಸಿದರು. ನಮ್ಮನ್ನು ಹೊಗಳುತ್ತಿದ್ದ ಕೆಲವು ಗೆಳೆಯರೂ ಅಂದಿನಿಂದ ಅರವಟ್ಟಿಗೆಗೆ ಬರುವುದನ್ನು ಬಿಟ್ಟರು. ಹಳೆಯ ಸಾಹೇಬರನ್ನು ನಾವು ಪ್ರಶ್ನಿಸಿದಾಗ ಅವರಿಗೆ ಸಂತೋಷವಾಗಿತ್ತು. ತಮ್ಮವರನ್ನು ಪ್ರಶ್ನಿಸಿದಾಗ ನೋವಾಯಿತು.

ಈಗ ಅವ್ವ ಇಲ್ಲ. ಉಪನ್ಯಾಸಕ ಬೇರೆ ಊರಿನ ಕಾಲೇಜಿಗೆ ಹೋಗಿದ್ದಾನೆ. ಚಾಚಾ ಅಂಗಡಿ ಕೊಟ್ಟು ಮಾನ್ವಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಅಂಗಡಿ ಇದ್ದಲ್ಲಿ ಈಗ ಮೊಬೈಲು ಮಾರುತ್ತಾರೆ. ಬೇಸಿಗೆಯಲ್ಲಿ ಜನ ಕೈಯಲ್ಲಿ ಬಾಟಲಿ ಹಿಡಿದೇ ಬಸ್ಸಿನಿಂದ ಇಳಿಯುತ್ತಾರೆ. ಆದರೂ ನಾನು ಮತ್ತು ಕೆಲವು ಹೊಸ ಗೆಳೆಯರು ಇನ್ನೊಂದು ಮೂಲೆಯಲ್ಲಿ ಗಡಿಗೆ ಇಡುತ್ತೇವೆ. ಬಾಟಲಿ ಕೊಳ್ಳಲಾಗದವರು ಇದ್ದೇ ಇದ್ದಾರೆ.

ಮೊನ್ನೆ ಮಾನ್ವಿಗೆ ಹೋಗಿ ಚಾಚಾ ಅವರನ್ನು ಕಂಡು ಬಂದೆ. ಕಿವಿ ಮಂದವಾಗಿದೆ, ಜೋರಾಗಿ ಮಾತಾಡಬೇಕು. ಈಗ ಯಾರು ಅಧಿಕಾರದಲ್ಲಿದ್ದಾರೆ ಎಂದು ಕೇಳಿದರು. ಹೇಳಿದೆ.

"ಅವ್ರ ಮನಿಗೆ ಹೋಗಿದ್ರೇನು?"

"ಹೋಗಿದ್ವಿ ಚಾಚಾ. ನಗರದಾಗ ಒಂದು ಗಟಾರದ ಸಲುವಾಗಿ."

"ಚಾ ಕೊಟ್ರಾ?"

"ಕೊಟ್ರು."

"ಕುಡದ್ರೇನು?"

"ಕುಡದ್ವಿ. ಕುಡದು, ಹೇಳೋದೆಲ್ಲಾ ಹೇಳಿ ಬಂದ್ವಿ."

ಚಾಚಾ ಗೋಡೆಗೆ ಒರಗಿ ಹಲ್ಲಿಲ್ಲದ ಬಾಯಿ ತುಂಬ ನಕ್ಕರು. ಆಮೇಲೆ ಮಗಳನ್ನು ಕೂಗಿ, ರಾಯಚೂರಿನಿಂದ ಟೀಚರ್ ಬಂದಿದ್ದಾರೆ, ಊಟ ಮಾಡದೆ ಬಿಡಬೇಡ ಎಂದು ಹೇಳಿದರು.